ಮನೆ ಎಲ್ಲಿ ಮಾಡೋಣ? ಬೆಟ್ಟದ ಮೇಲೆ ನಿಂತು ಹಾಕಿದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಸರಿಯೇ. ಆದರೆ ಅವರ ಕಾಲದಲ್ಲಿ ಸೀಸನ್ ಟಿಕೆಟ್ಟೂ ಇರಲಿಲ್ಲ, ಸ್ಕೂಲ್ ವ್ಯಾನೂ ಇರಲಿಲ್ಲ. ಇದ್ದಿದ್ದರೆ ಗಾದೆಗೆ ಇನ್ನೊಂದು ತುಂಡು ಸೇರುತ್ತಿತ್ತು: ಬಡಾವಣೆ ಆರಿಸಿ ನೋಡು!

ಚಾಮುಂಡಿ ಬೆಟ್ಟದ ಪಾದದ ಹತ್ತಿರ ನಮಗೆ ಪರಿಚಯದ ಒಂದು ಹಣ್ಣುಕಾಯಿ ಅಂಗಡಿ ಉಂಟು. ಭಾನುವಾರ ಮೆಟ್ಟಿಲು ಹತ್ತುವ ಮುಂಚೆ ಅಲ್ಲಿ ನಿಂತು ನಾಲ್ಕು ಮಾತಾಡುವುದು ನಮ್ಮ ಹಳೆಯ ಚಾಳಿ. ಅಂಗಡಿ ಯಜಮಾನರ ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದರು. ಅಳಿಯನಿಗೆ ಬೆಂಗಳೂರಿಗೆ ವರ್ಗವಾಯಿತು. ಕಳೆದ ಜೂನ್ ಮೊದಲಲ್ಲಿ ಗಂಡ, ಹೆಂಡತಿ, ಮೂರನೇ ಕ್ಲಾಸಿನ ಮಗಳು ಸಾಮಾನು ಕಟ್ಟಿಕೊಂಡು ಮಾವನ ಮನೆಗೆ ಬಂದಿಳಿದರು. "ಮನೆ ಸಿಗೋವರೆಗೂ ಇಲ್ಲೇ ಇರ್ತೀವಿ ಅಪ್ಪ" ಅಂತ ಮಗಳು ಹೇಳಿದಳು.

ಯಜಮಾನರಿಗೆ ಬೇಕಾಗಿದ್ದೂ ಅದೇ. "ಮನೆ ಯಾಕಮ್ಮ ಹುಡುಕೋದು? ಮೇಲ್ಗಡೆ ಎರಡು ರೂಮು ಖಾಲಿ ಬಿದ್ದವೆ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ತಾಯಿ ನೆರಳಲ್ಲಿರಿ" ಅಂದರು. ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ ಮೂರೇ ತಿಂಗಳಲ್ಲಿ ಆ ಮನೆಯೊಳಗೆ ಮುಖ ಊದಿಸಿಕೊಳ್ಳದವರು ಯಾರೂ ಉಳಿಯಲಿಲ್ಲ. ಯಾಕೆ ಅನ್ನುವುದೇ ಇವತ್ತಿನ ವಿಷಯ. ಮೈಸೂರಿನಲ್ಲಿ ಮಲಗಿ ಬೆಂಗಳೂರಿನಲ್ಲಿ ದುಡಿಯುವ ಸಂಸಾರ ಒಂದೇ ಎರಡೇ? ನಿಮ್ಮ ಬೀದಿಯಲ್ಲೂ ಒಂದು ಇದ್ದೀತು.

ಮೈಸೂರು ಬೆಂಗಳೂರಿನ ಬಡಾವಣೆಯೇ?

ರೈಲು ಮೈಸೂರಿಗೆ ಬಂದದ್ದು 1882ರ ಹೊತ್ತಿಗೆ. ಮಹಾರಾಣಿ ಹೆಣ್ಣು ಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. ರೈಲು, ಸ್ಕೂಲು ಎರಡೂ ಅಕ್ಕಪಕ್ಕದ ವರ್ಷಗಳಲ್ಲಿ ನಮ್ಮೂರಿಗೆ ಬಂದವು ನೋಡಿ. ಆಗ ಬೆಂಗಳೂರಿಗೆ ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ಹೋಗುವ ಪ್ರಯಾಣ. ಮೀಟರ್ ಗೇಜ್ ಹೋಗಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು. ಶ್ರೀರಂಗಪಟ್ಟಣದಲ್ಲಿ ಹಾದಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇದ್ದ ಹಾಗೇ ಪಕ್ಕಕ್ಕೆ ಸರಿಸಿ ಜೋಡಿ ಮಾರ್ಗ ಮುಗಿಸಿದರು. ವಿದ್ಯುತ್ ಎಂಜಿನ್ನೂ ಬಂತು. ಈಗ ಎಕ್ಸ್‌ಪ್ರೆಸ್ ರೈಲಿಗೆ ಎರಡೂವರೆ ಗಂಟೆ ಹಾದಿ.

ಇದರ ಮೇಲೆ ಸೀಸನ್ ಟಿಕೆಟ್ಟಿನ ಒಂದು ಗುಟ್ಟು ಇದೆ. ರೈಲ್ವೆಯವರು ಸೀಸನ್ ಕೊಡುವುದು 150 ಕಿಲೋಮೀಟರ್ ಒಳಗಿನ ದೂರಕ್ಕೆ. ಮೈಸೂರು–ಬೆಂಗಳೂರು ಸುಮಾರು 138. ಅಂದರೆ ಗಡಿಗೆ ಹನ್ನೆರಡು ಕಿಲೋಮೀಟರ್ ಈಚೆಗೆ ನಾವು ಬಚಾವು! ಹಾಗಾಗಿಯೇ ಗುಮಾಸ್ತರಿಂದ ಹಿಡಿದು ಕಾಲೇಜು ಮೇಷ್ಟರವರೆಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ದಿನಾ ಹೋಗಿ ಬರುವ ಒಂದು ಪುಟ್ಟ ಊರೇ ಉಂಟು. ಮೈಸೂರೇ ಹೊರಡುವ ಸ್ಟೇಷನ್ ಆದ್ದರಿಂದ ಸ್ವಲ್ಪ ಮುಂಚೆ ಬಂದವರಿಗೆ ಸೀಟು. ಮಂಡ್ಯ, ಮದ್ದೂರಿನಲ್ಲಿ ಹತ್ತುವವರು ಕೈ ಮೇಲೆತ್ತಿ ಸರಳು ಹಿಡಿದುಕೊಳ್ಳಬೇಕು.

ಸೀಸನ್ ಟಿಕೆಟ್ಟು ವಂದೇ ಭಾರತಕ್ಕಾಗಲಿ ಶತಾಬ್ದಿಗಾಗಲಿ ನಡೆಯುವುದಿಲ್ಲ, ಆ ಆಸೆ ಬೇಡ. ಇನ್ನು 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಹೈವೇ ಕಾರಿದ್ದವರಿಗೆ, ಅದೂ ಟೋಲ್ ಕಟ್ಟುವ ಶಕ್ತಿ ಇದ್ದವರಿಗೆ. ಆ ವರ್ಷದ ಆಗಸ್ಟಿನಿಂದ ಬೈಕು, ಆಟೋಗಳಿಗೆ ಅದರ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ಒಟ್ಟಿನಲ್ಲಿ ಸಂಬಳದವನಿಗೆ ರೈಲೇ ಗತಿ.

ತಿಂಗಳಿಗೆ ಒಂದು ವಾರ ರೈಲಿನಲ್ಲೇ

ನಮ್ಮ ಅಳಿಯಂದಿರ ಲೆಕ್ಕ ಕೇಳಿ. ಬೆಟ್ಟದ ಪಾದದಿಂದ ರೈಲ್ವೆ ಸ್ಟೇಷನ್ ಐದಾರು ಕಿಲೋಮೀಟರ್. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅರಮನೆ ಬಳಸಿಕೊಂಡು ಹೋಗಬೇಕು. ಸ್ಕೂಟರ್ ತೆಗೆದು, ಓಡಿಸಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಚೀಟಿ ತಗೊಳ್ಳುವ ಹೊತ್ತಿಗೆ 25 ನಿಮಿಷ. ಸೀಟಿಗೋಸ್ಕರ 15 ನಿಮಿಷ ಮುಂಚೆ. ರೈಲು ಎರಡೂವರೆ ಗಂಟೆ. ಬೆಂಗಳೂರಿನಲ್ಲಿ ಇಳಿದು ಮೆಟ್ರೋ ಹಿಡಿದು ಆಫೀಸಿನ ಬಾಗಿಲಿಗೆ 50 ನಿಮಿಷ. ಕೂಡಿಸಿ: ನಾಲ್ಕು ಗಂಟೆ. ಹೋಗಿ ಬರುವುದಕ್ಕೆ ಎಂಟು. ತಿಂಗಳಿಗೆ 22 ಕೆಲಸದ ದಿನ ಅಂದರೆ 176 ಗಂಟೆ. ಏಳು ದಿನ ಏಳು ರಾತ್ರಿ, ಮೇಲೆ ಎಂಟು ಗಂಟೆ!

ಈತ ಏಳುವಾಗ ಮಗಳು ನಿದ್ದೆ. ಈತ ರಾತ್ರಿ ಬರುವಾಗಲೂ ಮಗಳು ನಿದ್ದೆ. ಸ್ಕೂಲ್ ಡೈರಿಗೆ ಅಪ್ಪನ ಸಹಿ ಬೇಕಾದರೆ ಅದನ್ನು ಊಟದ ಡಬ್ಬಿಯ ಚೀಲದ ಮೇಲೆ ಇಟ್ಟು ಮಲಗುತ್ತಿದ್ದಳಂತೆ. ಬೆಳಿಗ್ಗೆ ಐದೂವರೆಗೆ ಡಬ್ಬಿ ತೆಗೆಯುವಾಗ ಸಹಿ. ಒಂದು ದಿನ ಡೈರಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತಂತೆ: "ಅಪ್ಪ, ನಂಗೆ ಹಲ್ಲು ಬಿತ್ತು." ಅದನ್ನು ಓದಿ ರೈಲಿನಲ್ಲಿ ಮದ್ದೂರಿನವರೆಗೂ ಯಾರ ಜೊತೆಗೂ ಮಾತಾಡಲಾಗಲಿಲ್ಲ ಅಂತ ಆತನೇ ನಮ್ಮ ಹತ್ತಿರ ಹೇಳಿಕೊಂಡ.

ಇದರ ಮೇಲೆ ಆಷಾಢ ಬಂತು. ಆಷಾಢ ಶುಕ್ರವಾರ ಬೆಟ್ಟದ ಸೀಮೆ ಹೇಗಿರುತ್ತದೆ ಅಂತ ಮೈಸೂರಿನವರಿಗೆ ಹೇಳಬೇಕೆ? ಬೆಳಗಿನ ಜಾವಕ್ಕೇ ಜನ. ಖಾಸಗಿ ವಾಹನ ಬೆಟ್ಟ ಹತ್ತುವ ಹಾಗಿಲ್ಲ, ಲಲಿತಮಹಲ್ ಹೆಲಿಪ್ಯಾಡ್ ಮೈದಾನದಿಂದ ಬಸ್ಸು. ಹಣ್ಣುಕಾಯಿ ಅಂಗಡಿಗೆ ವರ್ಷದ ಸುಗ್ಗಿ. ಅಳಿಯನಿಗೆ ಮಾತ್ರ ರೈಲು ತಪ್ಪಿತು. ಮಾವನ ಗಲ್ಲಾ ತುಂಬಿದ ದಿನವೇ ಅಳಿಯನಿಗೆ ಅರ್ಧ ದಿನದ ರಜೆ ಹೋಯಿತು.

ಟಿಕೆಟ್ಟಿಗೆ ದುಡ್ಡಿಲ್ಲ, ಸಮಯಕ್ಕೆ ಇದೆ

ಅಪ್ಪನ ಕಥೆ ಇದಾದರೆ ಅಮ್ಮನದು ಇನ್ನೊಂದು. ಮಗಳನ್ನು ಕೃಷ್ಣಮೂರ್ತಿಪುರಂ ಕಡೆಯ ಒಂದು ಶಾಲೆಗೆ ಸೇರಿಸಿದ್ದರು. ಪಾಠ ಚೆನ್ನಾಗಿದೆ, ಫೀಸು ಕೈಗೆಟಕುತ್ತೆ, ಆಟದ ಬಯಲಿದೆ ಅಂತ ತಾಯಿಯೇ ಆರಿಸಿದ್ದು. ಬೆಟ್ಟದ ಪಾದದಿಂದ ಅಲ್ಲಿಗೆ ಒಂದು ಬಸ್ಸು ಇಳಿದು ಇನ್ನೊಂದು ಹತ್ತಿ 40 ನಿಮಿಷ. ಬಿಟ್ಟು ಬರಬೇಕು, ಸಂಜೆ ಹೋಗಿ ಕರೆತರಬೇಕು. ದಿನಕ್ಕೆ ನಾಲ್ಕು ಸಲ, 160 ನಿಮಿಷ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ನಿಜ. "ಟಿಕೆಟ್ಟಿಗೆ ದುಡ್ಡಿಲ್ಲ ಸಾರ್, ನನ್ನ ಸಮಯಕ್ಕೆ ಇದೆಯಲ್ಲ" ಅಂತ ಆಕೆ ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಕೆ ಮನೆಯಲ್ಲಿ ಬ್ಲೌಸು ಹೊಲಿಯುವವಳು. ಬಸ್ಸಿನಲ್ಲಿ ಹೋದ ಹೊತ್ತು ಮಿಷನ್ ನಿಂತ ಹೊತ್ತು.

ಆಗಸ್ಟಿನ ಒಂದು ಭಾನುವಾರ ಯಜಮಾನರೇ ಹೇಳಿದರು. "ಬನ್ನಿ ಸಾರ್, ಎಲ್ಲರೂ ಮೇಲಕ್ಕೆ ಹೋಗೋಣ. ಊರೆಲ್ಲಾ ಕಾಣುತ್ತೆ. ನಿಂತು ನೋಡಿ ಮಾತಾಡಿದರೆ ಜಗಳ ಕಮ್ಮಿ ಆಗುತ್ತೆ." ಸಾವಿರ ಮೆಟ್ಟಿಲು ಹತ್ತಿದೆವು. ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಹತ್ತಿರ ಉಸಿರು ಬಿಟ್ಟೆವು. ದರ್ಶನ ಮುಗಿಸಿ ಊರು ಕಾಣುವ ಕಡೆ ನಿಂತೆವು. ಒಂದೊಂದೇ ಬಡಾವಣೆಗೆ ಕೈ ತೋರಿಸಿ ಮಾತು ಶುರುವಾಯಿತು.

ಕೈ ತೋರಿಸಿದ ಊರು

ಮೊದಲು ಕಾಲ ಕೆಳಗೇ ಇರುವ ಸಿದ್ದಾರ್ಥನಗರ, ನಜರ್‌ಬಾದ್, ಆಲನಹಳ್ಳಿ ಕಡೆ. ಸ್ಕೂಲುಗಳಿಗೆ ಕೊರತೆಯೇ ಇಲ್ಲ. ಕೇಂದ್ರೀಯ ವಿದ್ಯಾಲಯ ಇದೆ. ಅಲ್ಲಿ ವರ್ಗಾವಣೆಯ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಮಣೆ ಅನ್ನುವುದು ನೆನಪಿರಲಿ. ತೆರೇಸಿಯನ್, ನಜರ್‌ಬಾದಿನ ಗುಡ್ ಷೆಪರ್ಡ್ ಕಾನ್ವೆಂಟು ಎಲ್ಲಾ ಇದೇ ಸೀಮೆ. ಬೆಂಗಳೂರು ಬಸ್ಸು ಹಿಡಿಯುವವರಿಗೆ ಸಬರ್ಬನ್ ಬಸ್ ಸ್ಟ್ಯಾಂಡ್ ಹತ್ತಿರ. ರೈಲಿನವರಿಗೆ ಮಾತ್ರ ದೂರ. ಸ್ವಂತ ಮನೆ ಕೊಳ್ಳುವವರು ಇನ್ನೊಂದು ನೆನಪಿಡಬೇಕು. ಸಿದ್ದಾರ್ಥನಗರ, ಕೆ.ಸಿ. ಲೇಔಟ್, ಜೆ.ಸಿ. ನಗರದವರು ಬಿ-ಖರಾಬು ಗಲಾಟೆಯಲ್ಲಿ 2015ರಿಂದ ಕೆಲವು ವರ್ಷ ಖಾತೆಗಾಗಿ ಕಚೇರಿ ಅಲೆದದ್ದನ್ನು ಊರೇ ನೋಡಿದೆ. ಬಡಾವಣೆ ಎಷ್ಟೇ ಹಳೆಯದಿರಲಿ, ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ.

ಬೆಟ್ಟದ ಪಶ್ಚಿಮಕ್ಕೆ ವಿದ್ಯಾರಣ್ಯಪುರಂ, ಜೆ.ಪಿ. ನಗರ. ಬಾಡಿಗೆ ಸ್ವಲ್ಪ ಹಗುರ. ಅಶೋಕಪುರಂ ರೈಲ್ವೆ ಸ್ಟೇಷನ್ ದೂರವಲ್ಲ. ಆದರೆ ಸೂಯೇಜ್ ಫಾರಂ ಕಸದ ರಾಶಿಯ ವಾಸನೆಗೆ ಅಲ್ಲಿನ ಜನ ವರ್ಷಗಟ್ಟಲೆ ದೂರು ಕೊಟ್ಟದ್ದುಂಟು. ಮನೆ ನೋಡುವವರು ಗಾಳಿ ಬೀಸುವ ಸಂಜೆಯಲ್ಲೇ ನೋಡಲಿ, ಮಧ್ಯಾಹ್ನ ನೋಡಿ ಮೋಸ ಹೋಗಬೇಡಿ.

ಆಚೆ ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ. ದೊಡ್ಡ ಸ್ಟೇಷನ್ನಿಗೆ ಹತ್ತಿರ. 1953ರ ರಾಮಕೃಷ್ಣ ವಿದ್ಯಾಶಾಲೆ ಯಾದವಗಿರಿಯಲ್ಲಿದೆ, ಅದು ವಸತಿ ಶಾಲೆ. ಮಾನಸಗಂಗೋತ್ರಿಯಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಡೆಮಾನ್‌ಸ್ಟ್ರೇಷನ್ ಸ್ಕೂಲು. ಎಲ್ಲಾ ಸೈ, ಬಾಡಿಗೆ ಕೇಳಿದರೆ ಮಾತ್ರ ಕಿವಿ ಮುಚ್ಚಿಕೊಳ್ಳಬೇಕು.

ಮಧ್ಯದಲ್ಲಿ ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ. 1898ರ ಪ್ಲೇಗಿನ ಮೇಲೆ ಕೋಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಹರಡಬೇಕು ಅಂತ ಯೋಚನೆ ಬಂತು. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್, ನಮ್ಮ ಬಾಯಲ್ಲಿ ಸಿ.ಐ.ಟಿ.ಬಿ., ಹುಟ್ಟಿತು. ಗಾಳಿ ಬೆಳಕು ನೋಡಿ, ಅಗಲ ರಸ್ತೆ ಬಿಟ್ಟು, ನಡೆದುಹೋಗುವ ದೂರದಲ್ಲಿ ಸ್ಕೂಲು ಮಾರುಕಟ್ಟೆ ಇರುವ ಬಡಾವಣೆ ಆ ಕಾಲದ ಪದ್ಧತಿ. 1861ರ ಶಾರದಾ ವಿಲಾಸ, 1876ರ ಮರಿಮಲ್ಲಪ್ಪ ಎರಡೂ ಇದೇ ಸುತ್ತಿನಲ್ಲಿವೆ. ಚಾಮರಾಜಪುರಂನಲ್ಲಿ ಸಣ್ಣ ಸ್ಟೇಷನ್ನೂ ಇದೆ. ಒಂದು ಎಚ್ಚರಿಕೆ: ಬೆಂಗಳೂರಿನ ಎಲ್ಲಾ ರೈಲೂ ಚಾಮರಾಜಪುರಂ, ಅಶೋಕಪುರಂವರೆಗೆ ಬರುವುದಿಲ್ಲ. ಕೆಲವು ಬರುತ್ತವೆ, ಉಳಿದವು ದೊಡ್ಡ ಸ್ಟೇಷನ್ನಿಗೇ ಮುಗಿಯುತ್ತವೆ. ನಿಮ್ಮ ರೈಲು ಯಾವುದು ಅಂತ ವೇಳಾಪಟ್ಟಿ ನೋಡಿಯೇ ಮನೆ ಮಾಡಿ. "ಸ್ಟೇಷನ್ ಪಕ್ಕದಲ್ಲೇ ಸಾರ್" ಅನ್ನುವ ಬ್ರೋಕರ್ ಮಾತಿಗೆ ಮರುಳಾಗಬೇಡಿ.

ರಿಂಗ್ ರಸ್ತೆ ಆಚೆಯ ಹೊಸ ಲೇಔಟುಗಳ ಮಾತೂ ಬಂತು. ಮನೆ ಅಗಲ, ಬಾಡಿಗೆ ಕಮ್ಮಿ. ಮಗು ಮಾತ್ರ ವ್ಯಾನಿನಲ್ಲಿ ಊರೆಲ್ಲಾ ಸುತ್ತಿ ಸ್ಕೂಲಿಗೆ ಹೋಗಬೇಕು. ಬಾಡಿಗೆಯಲ್ಲಿ ಉಳಿದದ್ದು ವ್ಯಾನಿಗೆ ಹೋಗುತ್ತದೆ.

ಹಾಗಾದರೆ ಕೆಂಗೇರಿಗೆ ಹೋಗಿಬಿಡಬಾರದೇ?

ಈ ಪ್ರಶ್ನೆ ಎತ್ತಿದವನು ಅಳಿಯನೇ. 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಅಲ್ಲಿ ಮನೆ ಮಾಡಿದರೆ ದಿನಕ್ಕೆ ಐದಾರು ಗಂಟೆ ಕೈಗೆ ಬರುತ್ತದೆ. ಮಗಳನ್ನು ಎಚ್ಚರವಿರುವಾಗ ನೋಡಬಹುದು. ಮಾತು ಸುಳ್ಳಲ್ಲ. ಯಜಮಾನರ ಮುಖ ಬಾಡಿತು, ಆದರೂ ಅಡ್ಡ ಮಾತಾಡಲಿಲ್ಲ.

ಉತ್ತರ ಕೊಟ್ಟವಳು ಮಗಳು. "ವರ್ಗ ಎರಡು ವರ್ಷಕ್ಕೆ ಅಂತಾರೆ. ಮಗೂನ ಈ ವರ್ಷ ಒಂದು ಸ್ಕೂಲಿಂದ ಕಿತ್ತು ಇನ್ನೊಂದಕ್ಕೆ ನೆಟ್ಟಾಯ್ತು. ಬೆಂಗಳೂರಲ್ಲಿ ನೆಟ್ಟು, ಮತ್ತೆ ಇಲ್ಲಿಗೆ ಕಿತ್ತುಕೊಂಡು ಬರೋದಾ? ಅಲ್ಲಿ ಅವಳಿಗೆ ಜ್ವರ ಬಂದ್ರೆ ಯಾರಿದ್ದಾರೆ?" ಅಂದಳು. ಎರಡು ವರ್ಷದ ವರ್ಗವೋ, ಕಾಯಂ ಕೆಲಸವೋ ಅನ್ನುವುದೇ ಇಲ್ಲಿ ತಕ್ಕಡಿಯ ಮುಳ್ಳು. ಕಾಯಂ ಕೆಲಸವಾದರೆ, ದಿನಕ್ಕೆ ಎಂಟು ಗಂಟೆ ಹಾದಿ ಹತ್ತು ವರ್ಷ ಸವೆಸುವುದು ಮೈಗೂ ಸಂಸಾರಕ್ಕೂ ಒಳ್ಳೆಯದಲ್ಲ. ಮೈಸೂರಿನ ಮೇಲೆ ಎಷ್ಟೇ ಅಭಿಮಾನವಿದ್ದರೂ ಅಂಥವರು ಹೊರಡುವುದೇ ಮೇಲು ಅಂತ ನಾವೂ ಒಪ್ಪುತ್ತೇವೆ.

ಲೆಕ್ಕ ಹೇಗೆ ಬಗೆಹರಿಯಿತು

ಉಳಿದದ್ದು ಎರಡು ದಾರಿ. ಸ್ಟೇಷನ್ ಹತ್ತಿರ ಮನೆಯೋ? ಸ್ಕೂಲ್ ಹತ್ತಿರ ಮನೆಯೋ?

ಯಜಮಾನರು ವ್ಯಾಪಾರಸ್ಥರಲ್ಲವೇ? ಜೇಬಿನಿಂದ ಬೀಡಿ ಕಟ್ಟಿನ ಕಾಗದ ತೆಗೆದು ಅದರ ಮೇಲೇ ಬರೆದರು. ಸ್ಟೇಷನ್ ಪಕ್ಕದಲ್ಲೇ ಮನೆ ಮಾಡಿದರೆ ಅಳಿಯನಿಗೆ ಒಂದು ಕಡೆಗೆ 20 ನಿಮಿಷ ಉಳಿತಾಯ, ದಿನಕ್ಕೆ 40. ಸ್ಕೂಲಿಗೆ ಹತ್ತು ನಿಮಿಷ ನಡೆಯುವ ಹಾಗೆ ಕೃಷ್ಣಮೂರ್ತಿಪುರಂ ಸುತ್ತ ಮನೆ ಮಾಡಿದರೆ? ಮಗುವಿಗೆ ದಿನಕ್ಕೆ ಒಂದು ಗಂಟೆ. ನಾಲ್ಕು ಸಲ ಓಡಾಡುವ ತಾಯಿಗೆ ಎರಡು ಗಂಟೆ. ಅಲ್ಲಿಂದ ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹತ್ತೇ ನಿಮಿಷವಾದ್ದರಿಂದ ಅಳಿಯನಿಗೂ ಅರ್ಧ ಗಂಟೆ. ಒಟ್ಟು ಮೂರೂವರೆ ಗಂಟೆ! ಒಂದು ಕಡೆ 40 ನಿಮಿಷ, ಇನ್ನೊಂದು ಕಡೆ ಮೂರೂವರೆ ಗಂಟೆ. ತಕ್ಕಡಿ ತಾನಾಗಿಯೇ ಬಾಗಿತು.

"ಅಳಿಯಂದ್ರೇ, ನೀವು ಮನೇನ ನೋಡೋದೇ ಕತ್ತಲಲ್ಲಿ. ಹಗಲು ಆ ಬೀದೀಲಿ ಇರೋರು ಇವರಿಬ್ಬರು. ಇವರು ಎಲ್ಲಿ ಅಂತಾರೋ ಅಲ್ಲೇ ಮಾಡಿ" ಅಂತ ಯಜಮಾನರು ಹೇಳಿ ಕಾಗದ ಮಡಿಸಿದರು. ಮೇಲಿನ ಎರಡು ರೂಮಿನ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಆ ಮಾತು ನುಂಗುವುದು ಅವರಿಗೆ ಸುಲಭವಾಗಿರಲಿಲ್ಲ, ಇಳಿಯುವಾಗ ಮೊಮ್ಮಗಳ ಕೈ ಹಿಡಿದವರು ನಂದಿಯವರೆಗೂ ಬಿಡಲಿಲ್ಲ.

ದಸರಾ ರಜೆಯಲ್ಲಿ ಸಾಮಾನು ಸಾಗಿಸಿದರು. ಹಳೆಯ ಮನೆಯೊಂದರ ಹಿಂದಿನ ಪೋರ್ಷನ್, ಬಾಡಿಗೆ ಹನ್ನೊಂದು ಸಾವಿರ. ದುಬಾರಿಯೇ. ಆದರೆ ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತಿನಲ್ಲಿ ಮಿಷನ್ ಓಡುತ್ತದೆ, ಬಾಡಿಗೆಯ ಒಂದು ಪಾಲು ಅಲ್ಲೇ ಹುಟ್ಟುತ್ತದೆ. ಅಪ್ಪ ಬರುವುದು ಈಗಲೂ ರಾತ್ರಿಯೇ. ಆದರೆ ಮಧ್ಯಾಹ್ನ ಬೇಗ ಮನೆ ಸೇರುವ ಹುಡುಗಿ ಹೋಂವರ್ಕ್ ಮುಗಿಸಿ ಒಂದು ನಿದ್ದೆ ತೆಗೆಯುತ್ತಾಳೆ, ವಾರಕ್ಕೆ ಮೂರು ನಾಲ್ಕು ದಿನವಾದರೂ ಅಪ್ಪನ ಸ್ಕೂಟರ್ ಸದ್ದಿಗೆ ಬಾಗಿಲು ತೆಗೆಯುತ್ತಾಳಂತೆ. ಡೈರಿಗೆ ಸಹಿ ಈಗ ಎದುರಿಗೇ ಕೂತು.

ನೀವೂ ಮಾಡಿ ನೋಡಿ

ಮನೆ ಹುಡುಕುತ್ತಿರುವ ಓದುಗರಿಗೆ ಇದರಿಂದ ನಾಲ್ಕು ಮಾತು. ಒಂದು, ರೈಲಿನ ಹೊತ್ತನ್ನು ಮಾತ್ರ ಲೆಕ್ಕ ಹಾಕಬೇಡಿ, ಬಾಗಿಲಿಂದ ಬಾಗಿಲಿಗೆ ಹಾಕಿ. ಎರಡು, ಮನೆಯಲ್ಲಿ ಯಾರು ಎಷ್ಟು ಸಲ ಓಡಾಡುತ್ತಾರೆ ಅಂತ ಬರೆದು ಕೂಡಿಸಿ. ದೂರ ಹೋಗುವವನಿಗಿಂತ ನಾಲ್ಕು ಸಲ ಓಡಾಡುವವಳ ಹೊತ್ತೇ ಹೆಚ್ಚು ಉಳಿಯಬಹುದು. ಮೂರು, ಸ್ಕೂಲಿನ ಹೆಸರಿಗಿಂತ ಮೊದಲು ದಾರಿ ನೋಡಿ. ಮಗು ಎಷ್ಟು ದೊಡ್ಡ ರಸ್ತೆ ದಾಟಬೇಕು? ಎಷ್ಟು ವರ್ಷದ ಮೇಲೆ ಒಬ್ಬಳೇ ನಡೆದು ಬರಬಹುದು? ನಾಲ್ಕು, ಅಡ್ವಾನ್ಸ್ ಕೊಡುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆ ಬೀದಿಯಿಂದಲೇ ಹೊರಟು ನಿಮ್ಮ ರೈಲು ಹಿಡಿದು ನೋಡಿ. ಭಾನುವಾರ ನೋಡಿದ ಬೀದಿ ಸೋಮವಾರದ್ದಲ್ಲ.

ಇನ್ನು ಒಂದು ಮಾತು ಮೇಲಿನವರಿಗೆ. ಬೆಳಗಿನ ಬೆಂಗಳೂರು ರೈಲುಗಳಿಗೆ ಹೊಂದುವ ಹಾಗೆ, ರಾತ್ರಿ ಅವು ವಾಪಸು ಬರುವ ಹೊತ್ತಿಗೂ ಸರಿಯಾಗಿ, ಬೆಟ್ಟದ ತಪ್ಪಲಿನ ಬಡಾವಣೆಗಳಿಂದ ಸ್ಟೇಷನ್ನಿಗೆ ನೇರ ಬಸ್ಸುಗಳನ್ನು ಹೆಚ್ಚಿಸಿದರೆ ಎಷ್ಟೋ ಸಂಸಾರ ಇದ್ದಲ್ಲೇ ಉಳಿಯಬಹುದು. ಹಣ್ಣುಕಾಯಿ ಅಂಗಡಿಯ ಮೇಲಿನ ಎರಡು ರೂಮು ಇನ್ನೂ ಖಾಲಿಯೇ ಇವೆ. ಸಾರಿಗೆಯವರೂ ರೈಲ್ವೆಯವರೂ ಒಟ್ಟಿಗೆ ಕೂತು ವೇಳಾಪಟ್ಟಿ ನೋಡುವರೇ?